ಹಲಸಿನ ದಿಮ್ಮಿ ಸೀಳಲು ಮೂರು ಮಿಷನ್: ಹಳೆ 070, ಅದರ ನಕಲು, ಭಾವನ ಹೊಸದು

ಮೊದಲೇ ಹೇಳಿಬಿಡುತ್ತೇನೆ, ಚೈನ್ ಸಾಗಳಲ್ಲಿ, ಅಂದರೆ ಪೆಟ್ರೋಲ್ ಎಂಜಿನ್ನಿನ ಗರಗಸಗಳಲ್ಲಿ, ನನಗೆ ಇಷ್ಟವಾದದ್ದು ಸ್ಟಿಲ್ ಕಂಪನಿಯ ಹಳೆ 070. ಅದನ್ನು ರಿಪೇರಿ ಮಾಡಿಕೊಳ್ಳುವ ಮುಂಚೆ ಬೇರೆ ಕಡೆ ದುಡ್ಡು ಕಳೆದುಕೊಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರಡು ಮಳೆಗಾಲದ ಹಿಂದೆ ತೋಟದ ಅಂಚಿನ ಹಲಸು ಗಾಳಿಗೆ ಬಿತ್ತು. ಬುಡದಲ್ಲಿ 28 ಇಂಚು ಅಗಲ. ಅರಣ್ಯ ಇಲಾಖೆಯ ಕಾಗದದ ಕೆಲಸ ಮುಗಿಯಿತು. ಆದರೆ ಸಾ ಮಿಲ್ಲಿಗೆ ಸಾಗಿಸೋಣ ಅಂದರೆ ನಮ್ಮಲ್ಲಿಗೆ ಲಾರಿ ಬರುವುದಿಲ್ಲ, ಹಳ್ಳದ ಸಂಕ ದಾಟಬೇಕು. ಅಪ್ಪನ ಕಾಲದಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಗರಗಸದಲ್ಲಿ ಸೀಳುತ್ತಿದ್ದರು. ಆ ಕೆಲಸದವರು ಈಗ ಎಲ್ಲಿ ಸಿಗುತ್ತಾರೆ? ಹಾಗಾಗಿ ಚೈನ್ ಸಾ, ಜೊತೆಗೆ ಅಲಾಸ್ಕನ್ ಮಿಲ್ ಅನ್ನುವ ಚೌಕಟ್ಟು. ಅದು ಬಾರನ್ನು, ಅಂದರೆ ಚೈನ್ ಸುತ್ತುವ ಉದ್ದನೆಯ ಪಟ್ಟಿಯನ್ನು, ಅಡ್ಡ ಮಲಗಿಸಿ ಹಿಡಿಯುತ್ತದೆ. ದಿಮ್ಮಿಯ ಉದ್ದಕ್ಕೂ ತಳ್ಳಿಕೊಂಡು ಹೋದರೆ ಒಂದೇ ದಪ್ಪದ ಹಲಗೆ ಬರುತ್ತದೆ.

ಮೊದಲು ಕೊಂಡಿದ್ದು 070 ಥರವೇ ಕಾಣುವ, ಹೆಸರೂ ಸರಿಯಾಗಿಲ್ಲದ ಹೊಸ ನಕಲು ಮಿಷನ್. 22,000 ರೂಪಾಯಿ. ಎರಡು ಹಲಗೆ ಚೆನ್ನಾಗಿ ಕೊಯ್ಯಿತು. ಮೂರನೆಯದರಲ್ಲಿ ಮಫ್ಲರಿನ ಬೋಲ್ಟು ಸಡಿಲವಾಗಿ ಬಿತ್ತು. ನಾಲ್ಕನೆಯದರ ಅರ್ಧಕ್ಕೆ ಪಿಸ್ಟನ್ ಹಿಡಿದುಕೊಂಡಿತು. ಬಿಚ್ಚಿ ನೋಡಿದರೆ ಸಿಲಿಂಡರ್ ಒಳಗೆ ಉದ್ದುದ್ದ ಗೀರು. ಕೊಟ್ಟವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಕೊಂಬೆ ಕತ್ತರಿಸುವವರಿಗೆ ಇಂಥದ್ದು ನಡೆದೀತು. ದಿಮ್ಮಿ ಸೀಳುವುದು ಬೇರೆಯೇ ಕೆಲಸ. ಹತ್ತು ಹದಿನೈದು ನಿಮಿಷ ಪೂರ್ತಿ ಆಕ್ಸಿಲೇಟರ್ ಒತ್ತಿ ಹಿಡಿದೇ ಇರಬೇಕು, ನಡುವೆ ಉಸಿರಿಲ್ಲ.

ಆಮೇಲೆ ಭಾವನ ಹೊಸ ಮಿಷನ್ ಎರಡು ದಿನಕ್ಕೆ ತಂದೆ. 70 ಸಿಸಿ ಆಸುಪಾಸಿನದು. ಹಗುರ, ಕೈ ನಡುಗುವುದಿಲ್ಲ, ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇದೆ. ಒಂದಡಿ ಅಗಲದ ಸಿಲ್ವರ್ ಓಕನ್ನು ಬೆಣ್ಣೆಯ ಹಾಗೆ ಸೀಳಿತು. ಹಲಸಿನ ಬುಡಕ್ಕೆ ಬಂದಾಗ ಮಾತ್ರ ಪದೇಪದೇ ಉಸಿರುಗಟ್ಟಿತು. ಭಾವನೂ ಪಕ್ಕದಲ್ಲಿ ನಿಂತು ನೋಡಿ "ಈ ಮಿಷನ್ನಿಗೆ ಈ ಮರ ಜಾಸ್ತಿಯಾಯ್ತು ಮಾರಾಯ, ಬಿಡು" ಅಂದ. ಮರ ಬೀಳಿಸಲು, ತುಂಡು ಮಾಡಲು ಕೊಳ್ಳುವವರಿಗೆ ಅದೇ ಒಳ್ಳೆಯದು, ಅನುಮಾನವಿಲ್ಲ. ಅದೇ ಜಾತಿಯ ದೊಡ್ಡ ಮಿಷನ್ ಕೊಳ್ಳೋಣ ಅಂದರೆ ಎರಡು ಕ್ವಿಂಟಾಲ್ ಅಡಿಕೆಯ ದುಡ್ಡು ಅದಕ್ಕೇ ಇಡಬೇಕು.

ಹಳೆ 070 ಸಿಕ್ಕಿದ್ದು ಒಂದು ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ, 14,000ಕ್ಕೆ. ಹತ್ತು ವರ್ಷದಿಂದ ಯಾರೂ ಎಳೆದಿರಲಿಲ್ಲ. 106 ಸಿಸಿ, 58 ಮಿಲಿಮೀಟರ್ ಪಿಸ್ಟನ್. ಹೊಸ ಮಿಷನ್ನಿನ ಹಾಗೆ ಕಿರುಚುವುದಿಲ್ಲ. ನಿಧಾನಕ್ಕೆ ತಿರುಗುತ್ತದೆ, ಆದರೆ ಎತ್ತು ಎಳೆದ ಹಾಗೆ ಎಳೆಯುತ್ತದೆ. ನನ್ನದರಲ್ಲಿ ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಲೋಹದ ತುದಿಗಳು) ಇರುವ ಹಳೆ ಇಗ್ನಿಷನ್. ನಮ್ಮೂರಿನಲ್ಲಿ ಹಳೆ ಸ್ಕೂಟರ್ ರಿಪೇರಿ ಮಾಡುವವರೇ ಅದನ್ನು ಉಜ್ಜಿ ಸರಿಮಾಡಿಕೊಟ್ಟರು. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್, ಪಿಸ್ಟನ್ ರಿಂಗ್, ಕಾರ್ಬುರೇಟರಿನ ಡಯಾಫ್ರಂ ಕಿಟ್, ಪೆಟ್ರೋಲ್ ಪೈಪು, ಎಲ್ಲ ಹೊಸತು. ಒಟ್ಟು 8,500 ಆಯಿತು.

ಇನ್ನು ತಲೆ ಕೆಡಿಸಿದ ವಿಷಯ. ಮೊದಲ ಹಲಗೆ ಸೊಗಸಾಗಿ ಬಂತು. ಎರಡನೆಯದರ ನಡುವೆ ಮಿಷನ್ನಿನ ಸದ್ದು ತಾನಾಗಿ ಏರಿತು, ತೆಳುವಾಯಿತು. ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿಯಾದಾಗ ಬರುವ ಸದ್ದು ಅದು. ಇಂಥ ಎಂಜಿನ್ನಿಗೆ ಆಯಿಲ್ ಹೋಗುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ನಿಂತರೆ ಆಯಿಲ್ಲೂ ನಿಂತಿತು, ಪಿಸ್ಟನ್ ಹೋಯಿತು. ನಕಲು ಮಿಷನ್ನಿನ ಗತಿ ನೆನಪಾಗಿ ಎದೆ ಧಸಕ್ಕೆಂದಿತು. ತಕ್ಷಣ ಆಫ್ ಮಾಡಿದೆ.

ಪೇಟೆಗೆ ಒಯ್ದರೆ ಅಲ್ಲಿ ಸರಿಯಾಗೇ ಓಡಿತು. "ಏನೂ ತೊಂದ್ರೆ ಇಲ್ವಲ್ಲ ಮಾರಾಯ್ರೆ" ಅಂದರು ಮೆಕ್ಯಾನಿಕ್. ಮನೆಗೆ ತಂದರೆ ಮತ್ತದೇ, ಮತ್ತೆ ಎರಡನೇ ಹಲಗೆಯಲ್ಲೇ. ಕಾರ್ಬುರೇಟರ್ ಮೂರು ಸಲ ಬಿಚ್ಚಿದೆ. ಟ್ಯಾಂಕಿನ ಮುಚ್ಚಳದ ಗಾಳಿತೂತು ಚುಚ್ಚಿ ನೋಡಿದೆ. ಹೊಸ ಸೀಲುಗಳ ಮೇಲೂ ಅನುಮಾನ ಬಂತು. ಹೀಗೇ ಮೂರು ವಾರ ಹೋಯಿತು.

ಕೊನೆಗೆ ಹೊಳೆದದ್ದು ಇಷ್ಟು: ಪೇಟೆಯಲ್ಲಿ ಮಿಷನ್ ನೆಟ್ಟಗೆ ನಿಂತಿರುತ್ತದೆ, ಚೌಕಟ್ಟಿನಲ್ಲಿ ಪಕ್ಕಕ್ಕೆ ಮಲಗಿರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಮಿಷನ್ ಮಲಗಿಸಿ, ಟಾರ್ಚ್ ಬಿಟ್ಟು ನೋಡಿದೆ. ಪೈಪಿನ ತುದಿಯ ಫಿಲ್ಟರ್ ಕೆಳಗಿನ ಮೂಲೆಗೆ ಬೀಳಬೇಕಿತ್ತು. ಅದು ಮಧ್ಯದಲ್ಲೇ ನೇತಾಡುತ್ತಿತ್ತು! ನಾನು ಹಾಕಿದ್ದ ಪೈಪು ಬೈಕಿನದು, ದಪ್ಪ, ಬಿರುಸು. ಟ್ಯಾಂಕ್ ತುಂಬಿದ್ದಾಗ ಏನೂ ಗೊತ್ತಾಗದು. ಅರ್ಧಕ್ಕಿಳಿದ ಕೂಡಲೇ ಫಿಲ್ಟರ್ ಗಾಳಿ ಹೀರುತ್ತದೆ. ಅದಕ್ಕೇ ಪ್ರತಿಸಲ ಎರಡನೇ ಹಲಗೆ. ಈ ಮಿಷನ್ನಿಗೆಂದೇ ಬರುವ ಮೆತ್ತಗಿನ ಪೈಪು ತರಿಸಿ ಹಾಕಿದೆ. ಅಲ್ಲಿಗೆ ಮುಗಿಯಿತು.

ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ. ಹಾಗಾಗಿ ಕೆಲಸ ಮುಗಿದ ದಿನವೇ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರುವ ತನಕ ಓಡಿಸಿ ಇಡುತ್ತೇನೆ. ಆರು ತಿಂಗಳಿಗೊಮ್ಮೆ ಪೈಪು ಹಿಸುಕಿ ನೋಡುತ್ತೇನೆ. ಆಯಿಲ್ ಲೀಟರಿಗೆ 40 ಮಿಲಿ, ಅಂದರೆ 25ಕ್ಕೆ 1. ಹೊಗೆ ಬರುತ್ತದೆ, ಬರಲಿ.

ಚೈನ್: ಸೀಳುವುದಕ್ಕೆ ಹಲ್ಲಿನ ಅಂಚಿನ ಓರೆ ಕಮ್ಮಿ ಮಾಡಿ, 10 ಡಿಗ್ರಿಗೆ ಅರೆದುಕೊಳ್ಳಿ. ಮಾಮೂಲಿ 30 ಡಿಗ್ರಿಯಲ್ಲಿ ಹಲಗೆಯ ಮೈ ತರಿತರಿ ಆಗುತ್ತದೆ.

070ರ ಕೊರತೆಗಳೂ ಸಣ್ಣವಲ್ಲ. ಬಾರ್ ಬಿಟ್ಟೇ ಹತ್ತು ಕಿಲೋ ಮೇಲೆ ತೂಕ. ನನ್ನದಕ್ಕೆ ಚೈನ್ ಬ್ರೇಕ್ ಇಲ್ಲ, ಹಾಗಾಗಿ ಚೌಕಟ್ಟಿನಿಂದ ಹೊರಗೆ ಅದನ್ನು ಬಳಸುವುದೇ ಇಲ್ಲ. ಕಿವಿಗೆ ಮಫ್ ಇಲ್ಲದೆ ಹತ್ತಿರ ಹೋಗಬೇಡಿ. ದಪ್ಪ ಚೈನಿನಿಂದ ಒಂದು ಕೊಯ್ತಕ್ಕೆ ಸುಮಾರು ಒಂದು ಸೆಂಟಿಮೀಟರ್ ಮರ ಹೊಟ್ಟಾಗುತ್ತದೆ. ಒಂದಿಂಚಿನ ಹಲಗೆ ತೆಗೆದರೆ ಕಾಲು ಭಾಗಕ್ಕಿಂತ ಜಾಸ್ತಿ ಮೋಪು ನೆಲಕ್ಕೆ ಹೋಯಿತು, ಸಂಕಟ ಆಗುತ್ತದೆ. ಸಾ ಮಿಲ್ಲಿನ ಬ್ಯಾಂಡ್ ಬ್ಲೇಡ್ ಇದರ ಮೂರನೇ ಒಂದು ಭಾಗವನ್ನೂ ತಿನ್ನುವುದಿಲ್ಲ. ಲಾರಿ ಬರುವ ದಾರಿ ಇರುವವರು, ತೆಳು ಹಲಗೆ ಬೇಕಾದವರು ಸುಮ್ನೆ ಮಿಲ್ಲಿಗೇ ಕೊಡಿ.

ನಾನು ಎರಡಿಂಚಿನವೇ ಕೊಯ್ಯುವುದು. ವರ್ಷಕ್ಕೆ ಎರಡೋ ಮೂರೋ ಮರ, ಅದೂ ಬಿದ್ದವು. ಸಂಜೆ ಕೂತು ಮಿಷನ್ ಬಿಚ್ಚಿ ಜೋಡಿಸುವುದು ನನಗೆ ಖುಷಿಯ ಕೆಲಸ. 22,500ಕ್ಕೆ, ಅಂದರೆ ನಕಲಿನದೇ ರೇಟಿಗೆ, 28 ಇಂಚಿನ ಹಲಸಿಗೆ ಬಗ್ಗದ ಮಿಷನ್ ಸಿಕ್ಕಿತು. ನಕಲಿನ ಸ್ಟಾರ್ಟರ್ ಸ್ಪ್ರಿಂಗ್, ಹಿಡಿಕೆ, ಬೋಲ್ಟುಗಳನ್ನು ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ. ಸ್ಪ್ರಿಂಗ್ ಹೋದ ತಿಂಗಳು 070ಕ್ಕೆ ಸರಿಯಾಗಿ ಕೂತಿತು.