ಹದಿನಾರು ಮಿಲಿಮೀಟರಿನ ಯೂನಿವರ್ಸಲ್ ಜಾಯಿಂಟ್: ಮಲ್ಟಿ-ಸ್ಪಿಂಡಲ್ ಹೆಡ್‌ಗಾಗಿ ಕೊಳ್ಳುವವರಿಗೆ ಒಂದು ವಿಮರ್ಶೆ

ಒಂದೇ ಸಲಕ್ಕೆ ನಾಲ್ಕಾರು ರಂಧ್ರ ಕೊರೆಯುವ ಮಲ್ಟಿ-ಸ್ಪಿಂಡಲ್ ಡ್ರಿಲ್ಲಿಂಗ್ ಹೆಡ್‌ನಲ್ಲಿ ಎರಡು ರಂಧ್ರಗಳನ್ನು ಎಷ್ಟು ಹತ್ತಿರ ತರಬಹುದು ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಮೇಲಿನ ಗೇರುಗಳಿಂದ ಡ್ರಿಲ್ ಹಿಡಿದ ಸ್ಪಿಂಡಲ್‌ಗಳಿಗೆ ಓರೆಯಾಗಿ ಇಳಿದುಬರುವ ಯೂನಿವರ್ಸಲ್ ಜಾಯಿಂಟಿನ (ಒಂದಕ್ಕೊಂದು ಕೋನದಲ್ಲಿರುವ ಎರಡು ಶಾಫ್ಟ್‌ಗಳ ನಡುವೆ ತಿರುಗುವಿಕೆಯನ್ನು ದಾಟಿಸುವ ಕೀಲಿನ) ಹೊರವ್ಯಾಸದಿಂದ. ಪೀಣ್ಯದ ನಮ್ಮ ಚಿಕ್ಕ ಕಾರ್ಯಾಗಾರದಲ್ಲಿ ಫ್ಲ್ಯಾಂಜ್‌ಗಳಿಗೆ 8 ಮಿ.ಮೀ. ರಂಧ್ರ ಹಾಕುವ ಹೆಡ್ ಒಂದನ್ನು ಕಟ್ಟುವಾಗ, 16 ಮಿ.ಮೀ. ಹೊರವ್ಯಾಸವೂ 8 ಮಿ.ಮೀ. ಬೋರೂ (ಶಾಫ್ಟ್ ಕೂರುವ ತೂತು) ಇರುವ, ನಡುವೆ ಚೌಕ ಶಾಫ್ಟ್ ಜಾರಿ ಉದ್ದ ಹೊಂದಿಸಿಕೊಳ್ಳುವ ಜೋಡಿ ಜಾಯಿಂಟನ್ನು ಕೊಂಡೆವು. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ; ಈ ಅಳತೆಯಲ್ಲಿ ಮಾರುಕಟ್ಟೆಯಲ್ಲಿ ಸಿಗುವ ಜಾಯಿಂಟುಗಳ ರಚನೆ ಬಹುಪಾಲು ಒಂದೇ ಆಗಿರುವುದರಿಂದ ಇಲ್ಲಿನ ಮಾತುಗಳು ಬೇರೆಯವರ ಮಾಲಿಗೂ ಅನ್ವಯಿಸುತ್ತವೆ.

ರಚನೆ ಸರಳವಾಗಿದೆ. ಎರಡು ಯೋಕ್‌ಗಳು (ಕವೆಯಂತೆ ಎರಡು ಕಿವಿಗಳಿರುವ ತುದಿಗಳು), ಅವುಗಳ ನಡುವೆ ಹದಮಾಡಿದ ಉಕ್ಕಿನ ಒಂದು ಚಿಕ್ಕ ಬ್ಲಾಕ್, ಒಂದಕ್ಕೊಂದು ಲಂಬವಾಗಿ ಅದರೊಳಗೆ ಹಾಯುವ ಎರಡು ಪಿನ್‌ಗಳು. ಸಣ್ಣ ಪಿನ್ ದೊಡ್ಡ ಪಿನ್ನಿನ ಹೊಟ್ಟೆಯಲ್ಲಿ ಕೊರೆದ ತೂತಿನ ಮೂಲಕವೇ ಸಾಗುತ್ತದೆ. ದೊಡ್ಡ ಪಿನ್ ತನ್ನ ನಟ್ಟನಡುವೆ ದುರ್ಬಲವಾಗಿರುವುದು ಈ ಕಾರಣಕ್ಕೆ. ನಮಗೆ ಬಂದ ಮಾಲಿನಲ್ಲಿ ಬ್ಲಾಕಿನ ಮೇಲೆ ಅರ ಜಾರಿತು, ಯೋಕ್‌ನ ಕಿವಿಗಳ ಮೇಲೆ ಕಚ್ಚಿತು. ಅಂದರೆ ಗಡಸುತನ ಎಲ್ಲಿ ಬೇಕೋ ಅಲ್ಲಿದೆ, ಹೊಡೆತ ತಾಳಿಕೊಳ್ಳಬೇಕಾದ ಕಡೆ ಉಕ್ಕನ್ನು ಮೆತ್ತಗೆ ಬಿಟ್ಟಿದ್ದಾರೆ. ಬೋರಿನ ಫಿಟ್ಟಿಂಗ್ ಚೆನ್ನಾಗಿತ್ತು, ಮೂಲೆಗಳ ಬರ್ ತೆಗೆದಿದ್ದರು. ಕೈಗಾರಿಕೆಯ ಕಣ್ಣಿನಿಂದ ನೋಡಿದರೆ ಇದು ಶ್ರದ್ಧೆಯಿಂದ ಮಾಡಿದ ವಸ್ತು ಎಂಬುದರಲ್ಲಿ ಅನುಮಾನವಿಲ್ಲ.

ನನ್ನ ತಕರಾರು ಇರುವುದು ಜೊತೆಗೆ ಕೊಟ್ಟ ಕ್ಯಾಟಲಾಗಿನ ಹಾಳೆಯ ಬಗ್ಗೆ. ಅದರಲ್ಲಿ ಗರಿಷ್ಠ ಕೋನ 45 ಡಿಗ್ರಿ, ಗರಿಷ್ಠ ವೇಗ 1000 ಆರ್‌ಪಿಎಂ, ಗರಿಷ್ಠ ಟಾರ್ಕ್ (ತಿರುಚುವ ಬಲ) ಇಷ್ಟು ಎಂದು ಮೂರು ಅಂಕಿಗಳು ಬೇರೆಬೇರೆ ಸಾಲುಗಳಲ್ಲಿವೆ. ಈ ಮೂರೂ ಒಟ್ಟಿಗೆ ಸಿಗುತ್ತವೆ ಎಂದು ನಂಬಿ ವಿನ್ಯಾಸ ಮಾಡಿದರೆ ಜಾಯಿಂಟ್ ಬೇಗನೆ ಸವೆದುಹೋಗುತ್ತದೆ. ಇದರ ಲೆಕ್ಕ ಕಷ್ಟದ್ದೇನಲ್ಲ. 8 ಮಿ.ಮೀ. ಡ್ರಿಲ್ ಮೃದು ಉಕ್ಕಿನಲ್ಲಿ ನಿಮಿಷಕ್ಕೆ 25 ಮೀಟರ್ ಕತ್ತರಿಸುವ ವೇಗದಲ್ಲಿ ಓಡಬೇಕಾದರೆ ಸುಮಾರು 1000 ಆರ್‌ಪಿಎಂ ಬೇಕು, ಸಾಧಾರಣ ಫೀಡ್‌ನಲ್ಲಿ (ಸುತ್ತಿಗೆ ಡ್ರಿಲ್ ಒಳಗಿಳಿಯುವ ದೂರ) ಸುಮಾರು 3 ನ್ಯೂಟನ್-ಮೀಟರ್ ಟಾರ್ಕ್ ಬೇಕು. ಜಾಯಿಂಟಿನೊಳಗೆ ಈ ಟಾರ್ಕನ್ನು ಹೊರುವ ಎರಡು ಕಿವಿಗಳ ನಡುವಿನ ಪರಿಣಾಮಕಾರಿ ಅಂತರ 11 ಮಿ.ಮೀ. ಆಸುಪಾಸಿನದು, ಹಾಗಾಗಿ ಪಿನ್ನಿನ ಪ್ರತಿ ತುದಿಯ ಮೇಲೂ 270 ನ್ಯೂಟನ್‌ನಷ್ಟು ಬಲ ಬೀಳುತ್ತದೆ. ಬಲ ದೊಡ್ಡದಲ್ಲ. ಆದರೆ ಶಾಫ್ಟ್ ಒಂದು ಸುತ್ತು ಸುತ್ತುವಷ್ಟರಲ್ಲಿ ಪಿನ್ ತನ್ನ ತೂತಿನಲ್ಲಿ ಕೋನದ ನಾಲ್ಕರಷ್ಟು ಹಿಂದೆಮುಂದೆ ಹೊರಳುತ್ತದೆ. 10 ಡಿಗ್ರಿ ಕೋನಕ್ಕೆ 40 ಡಿಗ್ರಿ, 20ಕ್ಕೆ 80. ಕೋನ ಇಮ್ಮಡಿಯಾದರೆ ಉಜ್ಜುವ ದೂರವೂ ಇಮ್ಮಡಿ, ವೇಗ ಇಮ್ಮಡಿಯಾದರೂ ಅಷ್ಟೇ. ಸಾದಾ ಪಿನ್ನಿನ ಜಾಯಿಂಟಿಗೆ ವೇಗ ಮತ್ತು ಕೋನಗಳ ಗುಣಲಬ್ಧವೇ ಮಿತಿ ಎಂಬುದನ್ನು ಆ ಹಾಳೆ ಒಂದು ಚಿಕ್ಕ ನಕ್ಷೆಯಲ್ಲಿ ತೋರಿಸಬಹುದಿತ್ತು. ಒಳ್ಳೆಯ ತಯಾರಕರು ತೋರಿಸುತ್ತಾರೆ ಕೂಡ.

ನಮ್ಮ ಹೆಡ್‌ನಲ್ಲಿ ಇದು ಹೇಗೆ ಕಂಡಿತೆಂದರೆ, 10–12 ಡಿಗ್ರಿಯಲ್ಲಿ ನಿಂತ ಒಳಗಿನ ಸ್ಪಿಂಡಲ್‌ಗಳ ಜಾಯಿಂಟುಗಳು ಪಾಳಿಯ ಕೊನೆಯಲ್ಲಿ ಕೈಗೆ ಉಗುರುಬೆಚ್ಚಗಿದ್ದವು. 25 ಡಿಗ್ರಿಗೆ ಬಾಗಿದ ಹೊರಗಿನವನ್ನು ಹೆಚ್ಚು ಹೊತ್ತು ಮುಟ್ಟಲಾಗುತ್ತಿರಲಿಲ್ಲ. ಗ್ರೀಸ್ ತುಂಬಿದ ರಬ್ಬರ್ ಬೂಟ್ ಹಾಕಿದರೆ ಆಯುಷ್ಯ ಖಂಡಿತ ಹೆಚ್ಚುತ್ತದೆ, ಆದರೆ ಬೂಟ್ ಹಾಕಿದೊಡನೆ ವ್ಯಾಸ ಬೆಳೆದು, 16 ಮಿ.ಮೀ. ಜಾಯಿಂಟನ್ನು ಆರಿಸಿಕೊಂಡ ಉದ್ದೇಶವೇ ಹೋಗುತ್ತದೆ. ಪಿನ್ನಿನ ಸುತ್ತ ಸೂಜಿಯಂಥ ಸಣ್ಣ ಉರುಳೆಗಳಿರುವ ನೀಡಲ್ ಬೇರಿಂಗಿನ ಜಾಯಿಂಟುಗಳು 4000 ಆರ್‌ಪಿಎಂವರೆಗೆ ಓಡುತ್ತವೆ. ಆದರೆ ಸೂಜಿಗಳಿಗೂ ಅವುಗಳ ಬಟ್ಟಲಿಗೂ ಇಷ್ಟು ಸಣ್ಣ ದೇಹದಲ್ಲಿ ಜಾಗ ಕೊಟ್ಟಾಗ ಪಿನ್ ತೆಳ್ಳಗಾಗಿ ಟಾರ್ಕ್ ತಗ್ಗುತ್ತದೆ, ಬೆಲೆಯೂ ಎರಡು ಪಟ್ಟು ದಾಟುತ್ತದೆ. ಇನ್ನೊಂದು ಮಾತು: ಅವನ್ನು ಪೂರ್ತಿ ನೇರವಾಗಿ, ಸೊನ್ನೆ ಕೋನದಲ್ಲಿ ಓಡಿಸಬಾರದು. ಸೂಜಿಗಳು ಹೊರಳದೆ ನಿಂತಲ್ಲೇ ನಿಂತು ಪಿನ್ನಿನ ಮೇಲೆ ಗೆರೆ ಕೊರೆಯುತ್ತವೆ.

45 ಡಿಗ್ರಿಯ ಘೋಷಣೆಯೂ ನನಗೆ ಒಪ್ಪಿಗೆಯಿಲ್ಲ. ಅಷ್ಟು ಬಾಗಬೇಕಾದರೆ ಯೋಕ್‌ನ ಬುಡವನ್ನು ಆಳವಾಗಿ ಕಡಿಯಬೇಕು, ಕಿವಿಗಳು ಉದ್ದವಾಗಿ ತೆಳುವಾಗುತ್ತವೆ. ಗೇರಿನಿಂದ ಸ್ಪಿಂಡಲ್‌ವರೆಗೆ ನೇರ ಎತ್ತರ 150 ಮಿ.ಮೀ. ಇರುವ ಹೆಡ್‌ನಲ್ಲಿ 25 ಡಿಗ್ರಿಯೇ ಸ್ಪಿಂಡಲ್ಲನ್ನು 70 ಮಿ.ಮೀ. ಆಚೆಗೆ ಒಯ್ಯುತ್ತದೆ, ಶಾಫ್ಟ್ ಸುಮಾರು 15 ಮಿ.ಮೀ. ಮಾತ್ರ ಹೊರಗೆ ಜಾರಬೇಕಾಗುತ್ತದೆ. ಇದಕ್ಕಿಂತ ಹೆಚ್ಚು ಕೋನವನ್ನು ಈ ಕೆಲಸ ಕೇಳುವುದೇ ಇಲ್ಲ. 30 ಡಿಗ್ರಿಗೆ ಮಿತಿಗೊಳಿಸಿ ಕಿವಿಗಳನ್ನು ದಪ್ಪಗೆ ಬಿಟ್ಟ ಜಾಯಿಂಟನ್ನು ಯಾರಾದರೂ ಮಾಡಿದರೆ ನಾನು ಅದನ್ನೇ ಕೊಳ್ಳುತ್ತೇನೆ.

ಅತಿ ಮುಖ್ಯವಾದ ಕೊರತೆ ಜೋಡಣೆಗೆ ಸಂಬಂಧಿಸಿದ್ದು. ಒಂದು ಯೂನಿವರ್ಸಲ್ ಜಾಯಿಂಟ್ ವೇಗವನ್ನು ಸಮವಾಗಿ ದಾಟಿಸುವುದಿಲ್ಲ. 25 ಡಿಗ್ರಿಯಲ್ಲಿ 1000 ಆರ್‌ಪಿಎಂ ಕೊಟ್ಟರೆ ಆಚೆ ಬದಿಯ ಶಾಫ್ಟ್ ಪ್ರತಿ ಸುತ್ತಿಗೆ ಎರಡು ಸಲ 906ಕ್ಕೆ ಇಳಿದು 1103ಕ್ಕೆ ಏರುತ್ತದೆ. (ಹದಿನೇಳನೇ ಶತಮಾನದಲ್ಲಿ ರಾಬರ್ಟ್ ಹುಕ್ ಇದೇ ಏರುಪೇರು ಸೂರ್ಯಗಡಿಯಾರದ ನೆರಳಿನ ಚಲನೆಗೆ ಸರಿಹೊಂದುವುದನ್ನು ಕಂಡು ಅದನ್ನು ಗುಣವಾಗಿಯೇ ಬಳಸಿಕೊಂಡಿದ್ದ; ಡ್ರಿಲ್ಲಿಗೆ ಆ ಭಾಗ್ಯವಿಲ್ಲ.) ಸ್ಪಿಂಡಲ್ ಗೇರ್ ಶಾಫ್ಟಿಗೆ ಸಮಾನಾಂತರವಾಗಿರುವುದರಿಂದ ಮೇಲಿನ ಮತ್ತು ಕೆಳಗಿನ ಕೋನಗಳು ತಾವಾಗಿಯೇ ಸಮವಾಗುತ್ತವೆ, ಎರಡನೆಯ ಜಾಯಿಂಟ್ ಮೊದಲನೆಯದರ ಏರುಪೇರನ್ನು ಅಳಿಸುತ್ತದೆ. ಆದರೆ ಹೀಗಾಗಲು ನಡುವಿನ ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ಸಮತಲದಲ್ಲಿರಬೇಕು. ಚೌಕ ಶಾಫ್ಟನ್ನು ಬಿಚ್ಚಿ 90 ಡಿಗ್ರಿ ತಿರುಗಿಸಿಯೂ ಒಳಗೆ ತೂರಿಸಬಹುದು. ಆಗ ಏರುಪೇರು ಅಳಿಯುವ ಬದಲು ಕೂಡಿಕೊಂಡು ಸ್ಪಿಂಡಲ್ 821 ಮತ್ತು 1217ರ ನಡುವೆ ಓಲಾಡುತ್ತದೆ, ಡ್ರಿಲ್ಲಿನ ಅಂಚು ಚಿಪ್ಪೇಳುತ್ತದೆ. ಇದನ್ನು ತಡೆಯಲು ಬೇಕಾದದ್ದು ಎರಡೂ ಭಾಗಗಳ ಮೇಲೆ ಒಂದೊಂದು ಬಾಣದ ಗುರುತು, ಅಥವಾ ಇನ್ನೂ ಮೇಲಾಗಿ, ಒಂದೇ ಕೀ ಇರುವ ದುಂಡು ಶಾಫ್ಟ್. ಈ ಮಾಲಿನಲ್ಲಿ ಎರಡೂ ಇಲ್ಲ. ಪ್ಯಾಕೆಟ್ ಬಿಚ್ಚಿದ ತಕ್ಷಣ, ಜಾರುವ ಭಾಗವನ್ನು ಎಳೆಯುವ ಮೊದಲೇ, ಪಂಚ್‌ನಿಂದ ಗುರುತು ಹೊಡೆದಿಟ್ಟುಕೊಳ್ಳಿ.

ಸರಿಯಾಗಿ ಜೋಡಿಸಿದರೂ ನಡುವಿನ ಶಾಫ್ಟ್ ಮಾತ್ರ ಏರಿಳಿಯುತ್ತಲೇ ತಿರುಗುತ್ತದೆ. ಅದು ಹಗುರವಾಗಿದ್ದಷ್ಟೂ ನಡುಕ ಕಡಿಮೆ. ಈ ವಿಷಯದಲ್ಲಿ ಚೌಕ ಶಾಫ್ಟಿನ ಸಪೂರವಾದ ವಿನ್ಯಾಸ ಮೆಚ್ಚತಕ್ಕದ್ದು.

ಶಾಫ್ಟಿಗೆ ಬಿಗಿಯುವ ವ್ಯವಸ್ಥೆಯಾಗಿ ಗ್ರಬ್ ಸ್ಕ್ರೂ (ತಲೆಯಿಲ್ಲದ ಚಿಕ್ಕ ಸ್ಕ್ರೂ) ಕೊಟ್ಟಿದ್ದಾರೆ. ಬೋರಿನ ಸುತ್ತ ಉಳಿದಿರುವ ಗೋಡೆ 4 ಮಿ.ಮೀ. ಮಾತ್ರವಾದ್ದರಿಂದ ಸ್ಕ್ರೂಗೆ ಸಿಗುವ ಎಳೆಗಳು ಕೆಲವೇ, ಅದು ಸಡಿಲಗೊಳ್ಳುವುದು ನಿರೀಕ್ಷಿತವೇ. ನಾವು ಅಡ್ಡಲಾಗಿ ಕೊರೆದು 3 ಮಿ.ಮೀ. ಸ್ಪ್ರಿಂಗ್ ಪಿನ್ ಹಾಕಿದೆವು, ಆಮೇಲೆ ತೊಂದರೆ ಬರಲಿಲ್ಲ. ಬಾಗಿದ ಜಾಯಿಂಟ್ ಶಾಫ್ಟನ್ನು ಬಗ್ಗಿಸಲೂ ಯತ್ನಿಸುತ್ತದೆ ಎಂಬುದನ್ನು ನೆನಪಿಡಬೇಕು: 25 ಡಿಗ್ರಿಯಲ್ಲಿ ಟಾರ್ಕಿನ ಸುಮಾರು 47 ಪ್ರತಿಶತದಷ್ಟು ಬಾಗಿಸುವ ಹೊರೆ ಸುತ್ತಿಗೆ ಎರಡು ಸಲ ಬಂದುಹೋಗುತ್ತದೆ. ಸ್ಪಿಂಡಲ್ ಬುಷ್ ಜಾಯಿಂಟಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು.

ಸಡಿಲವನ್ನೂ ಅಳೆದೆವು. ಹೊಸದರಲ್ಲಿ 100 ಮಿ.ಮೀ. ತೋಳಿನ ತುದಿಯಲ್ಲಿ ಡಯಲ್ ಗೇಜ್ 0.15 ಮಿ.ಮೀ. ತೋರಿಸಿತು; ಮಳೆಗಾಲ ಕಳೆಯುವ ಹೊತ್ತಿಗೆ ಒಳಗಿನ ಜಾಯಿಂಟುಗಳಲ್ಲಿ ಅದು ಹೆಚ್ಚೇನೂ ಬೆಳೆದಿರಲಿಲ್ಲ, ಹೊರಗಿನವುಗಳಲ್ಲಿ ಎರಡರಷ್ಟಾಗಿತ್ತು. ರಂಧ್ರ ಕೊರೆಯಲು ಇದರಿಂದ ಬಾಧಕವಿಲ್ಲ, ಏಕೆಂದರೆ ಡ್ರಿಲ್ ಒಂದೇ ದಿಕ್ಕಿನಲ್ಲಿ ತಿರುಗುತ್ತದೆ. ರಂಧ್ರದೊಳಗೆ ಸ್ಕ್ರೂ ಎಳೆ ಕೊರೆಯುವ, ಅಂದರೆ ಟ್ಯಾಪ್ ಹಾಕುವ ಹೆಡ್‌ಗೆ ಮಾತ್ರ ಇದನ್ನು ಶಿಫಾರಸು ಮಾಡಲಾರೆ. ದಿಕ್ಕು ಬದಲಾಗುವ ಪ್ರತಿ ಬಾರಿಯೂ ಆ ಸಡಿಲ ಪಿನ್ನಿನ ಮೇಲೆ ಒಂದು ಪೆಟ್ಟಾಗಿ ಬೀಳುತ್ತದೆ. ಪಿನ್‌ಗಳ ತುದಿಯನ್ನು ರಿವೆಟ್ ಮಾಡಿರುವುದರಿಂದ ಸವೆದ ಮೇಲೆ ರಿಪೇರಿಗೆ ಅವಕಾಶವಿಲ್ಲ, ಇಡೀ ಜಾಯಿಂಟನ್ನೇ ಬದಲಿಸಬೇಕು. ಹೊರಗಿನ ಸ್ಥಾನಗಳಿಗೆ ಒಂದು ಜೊತೆ ಹೆಚ್ಚುವರಿ ತಂದಿಟ್ಟುಕೊಳ್ಳುವುದು ಲೇಸು.

ರಂಧ್ರದ ಅಳತೆ 12 ಮಿ.ಮೀ.ಗೆ ಹೋಗುವವರು ಇದೇ ಜಾಯಿಂಟಿನಲ್ಲಿ ಕೆಲಸ ಸಾಗಿಸಲು ನೋಡಬಾರದು. ಅದೇ ಫೀಡ್‌ನಲ್ಲಿ ಟಾರ್ಕ್ ಎರಡೂಕಾಲು ಪಟ್ಟಾಗುತ್ತದೆ. ಜಾಯಿಂಟಿನ ಸಾಮರ್ಥ್ಯ ಸ್ಥೂಲವಾಗಿ ಹೊರವ್ಯಾಸದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ 16ರಿಂದ 20 ಮಿ.ಮೀ.ಗೆ ಹೋದರೆ ಹತ್ತಿರ ಹತ್ತಿರ ಎರಡು ಪಟ್ಟು ಸಿಗುತ್ತದೆ, 22ಕ್ಕೆ ಹೋದರೆ ಎರಡೂವರೆ ಪಟ್ಟು ದಾಟುತ್ತದೆ. ದೊಡ್ಡ ಡ್ರಿಲ್ಲಿನ ವೇಗವೂ ಕಡಿಮೆಯಿರುವುದರಿಂದ ಅಲ್ಲಿ 22 ಮಿ.ಮೀ.ಯ ಸಾದಾ ಪಿನ್ನಿನ ಜಾಯಿಂಟೇ ಸಾಕು, ನೀಡಲ್ ಬೇರಿಂಗಿಗೆ ಹಣ ಹಾಕುವ ಅಗತ್ಯ ಕಾಣುವುದಿಲ್ಲ.