ಮಾಂಟ್ಗೊಮರಿಯ ಲೆಗಸಿ ಮ್ಯೂಸಿಯಂ: 5 ಡಾಲರ್ ಟಿಕೆಟ್, ಆದ್ರೆ ಇಡೀ ದಿನ ಇಟ್ಕೊಳ್ಳಿ

ಅಟ್ಲಾಂಟಾ ಕಡೆ ಇರೋ ನಮ್ ಕನ್ನಡದವ್ರು ಲಾಂಗ್ ವೀಕೆಂಡ್ ಬಂದ್ರೆ ಸಾಕು ಡೆಸ್ಟಿನ್ ಬೀಚು ಅಂತ ಓಡ್ತೀವಿ, ಎಷ್ಟೋ ಸಲ ಅಲಬಾಮಾದ ಮಾಂಟ್ಗೊಮರಿ ಮೇಲೇ ಹಾದು ಹೋಗ್ತೀವಿ, ಪೆಟ್ರೋಲ್ ಹಾಕಿಸ್ಕೊಂಡು ಮುಂದಕ್ಕೆ. ಈ ಸಲ ಊರಿಂದ ಅತ್ತೆ ಮಾವ ಬಂದಿದ್ರು, ಮಾವನಿಗೆ ಇತಿಹಾಸ ಅಂದ್ರೆ ಹುಚ್ಚು, ಹಾಗಾಗಿ ಅಮೆರಿಕದ ಕಪ್ಪು ಜನರ ಕಥೆನ ಗುಲಾಮಗಿರಿಯಿಂದ ಇವತ್ತಿನ ಜೈಲುಗಳ ತನಕ ಹೇಳೋ ಲೆಗಸಿ ಮ್ಯೂಸಿಯಂಗೆ ಅಂತಲೇ ಹೋದ್ವಿ. ಅಟ್ಲಾಂಟಾದಿಂದ ಎರಡೂವರೆ ಗಂಟೆ ಡ್ರೈವು, ಅಲಬಾಮಾದಲ್ಲಿ ಟೈಮ್ ಒಂದ್ ಗಂಟೆ ಹಿಂದೆ ಇರೋದ್ರಿಂದ ನಿಧಾನಕ್ಕೆ ಹೊರಟ್ರೂ ನಡಿಯತ್ತೆ.

ಟಿಕೆಟ್ 5 ಡಾಲರ್, ಅದ್ರಲ್ಲೇ ಮ್ಯೂಸಿಯಂ, ಲಿಂಚಿಂಗ್‌ಗೆ (ಗುಂಪು ಸೇರ್ಕೊಂಡು ಕೊಲ್ಲೋದು) ಬಲಿಯಾದವ್ರ ಮೆಮೋರಿಯಲ್ಲು, ನದಿ ದಡದ ಸ್ಕಲ್ಪ್ಚರ್ ಪಾರ್ಕು ಮೂರೂ ಬರತ್ತೆ, ಓಡಾಡಕ್ಕೆ ಶಟಲ್ಲೂ ಫ್ರೀ. ಮ್ಯೂಸಿಯಂ ಇರೋ ಜಾಗದಲ್ಲಿ ಹಿಂದೆ ಹತ್ತಿ ಗೋಡೌನ್ ಇತ್ತಂತೆ, ಗುಲಾಮರನ್ನ ದುಡಿಸ್ತಿದ್ದ ಜಾಗ. ಒಳಗೆ ಹೋದ ತಕ್ಷಣ ಎದುರಿಗೆ ಗೋಡೆ ತುಂಬಾ ಸಮುದ್ರದ ಅಲೆ, ಅದೇ ಸದ್ದು. ಮುಂದೆ ಕಂಬಿಗಳ ಹಿಂದೆ ಹೋಲೋಗ್ರಾಂ, ಹತ್ರ ಹೋಗಿ ನಿಂತ್ರೆ ಮಾರಾಟಕ್ಕೆ ಕಾಯ್ತಿರೋ ಹೆಂಗಸು ಮಾತಾಡಕ್ಕೆ ಶುರು ಮಾಡ್ತಾಳೆ. ಕೊನೇ ಕಡೆ ಜೈಲಲ್ಲಿ ಭೇಟಿಗೆ ಇರೋ ಥರದ ಬೂತುಗಳು, ಫೋನ್ ಎತ್ತಿದ್ರೆ ಜೈಲಲ್ಲಿ ಇರೋರೇ ತಮ್ ಕಥೆ ಹೇಳ್ತಾರೆ. ಫೋಟೋ ತೆಗಿಯೋ ಹಾಗಿಲ್ಲ, ಒಳ್ಳೇದೇ ಆಯ್ತು ಬಿಡಿ, ಇಲ್ಲಾಂದ್ರೆ ನಮ್ಮೋರು ಅಲ್ಲೂ ಸೆಲ್ಫಿ ತಗೋತಿದ್ರು.

ಆದ್ರೆ ನಿಜವಾಗ್ಲೂ ಟೈಮ್ ಕೊಡ್ಬೇಕಾಗಿರೋದು ಮೆಮೋರಿಯಲ್‌ಗೆ. ಬಿಳಿಯರ ಗುಂಪಿನ ಕೈಲಿ ಸತ್ತ ಕಪ್ಪು ಜನರ ನೆನಪಿಗೆ 800ಕ್ಕೂ ಜಾಸ್ತಿ ತುಕ್ಕು ಬಣ್ಣದ ಸ್ಟೀಲ್ ಕಂಬಗಳು, ಒಂದೊಂದು ಕೌಂಟಿಗೆ (ನಮ್ ಜಿಲ್ಲೆ ಥರ) ಒಂದೊಂದು, ಅದ್ರ ಮೇಲೆ ಹೆಸರು ತಾರೀಖು ಕೊರೆದಿದ್ದಾರೆ, ಹೆಸರು ಗೊತ್ತಿಲ್ದಿದ್ರೆ ಅನ್‌ನೋನ್ ಅಂತ. ಮೊದ್ಲು ಕಂಬಗಳು ನಮ್ ಎತ್ತರಕ್ಕೇ ಇರತ್ವೆ, ನಡೀತಾ ನಡೀತಾ ನೆಲ ಇಳಿಯತ್ತೆ, ಕೊನೆಗೆ ಎಲ್ಲಾ ತಲೆ ಮೇಲೆ ನೇತಾಡ್ತಿರತ್ವೆ. ಪಕ್ಕದ ಗೋಡೆ ಮೇಲೆ ಯಾಕ್ ಕೊಂದ್ರು ಅನ್ನೋದು: 1940ರಲ್ಲಿ ಲುವರ್ನ್ ಅನ್ನೋ ಊರಲ್ಲಿ ಜೆಸ್ಸಿ ಥಾರ್ನ್‌ಟನ್, ಬಿಳಿ ಪೊಲೀಸನ್ನ ಮಿಸ್ಟರ್ ಅಂತ ಕರೀಲಿಲ್ಲ ಅಂತ. 1933ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಲಿಜಬೆತ್ ಲಾರೆನ್ಸ್, ಕಲ್ಲು ಹೊಡೀತಿದ್ದ ಬಿಳಿ ಮಕ್ಕಳನ್ನ ಗದರಿಸಿದ್ಲು ಅಂತ. ಅತ್ತೆಗೆ ಓದಿ ಹೇಳ್ತಿದ್ದೆ, ಸಾಕಮ್ಮ ಅಂದ್ಬಿಟ್ರು.

ಅಲ್ಲೇ ಮಾವ ಕೇಳಿದ್ರು, ಇದನ್ನೆಲ್ಲಾ ಗೌರ್ಮೆಂಟ್ನೋರು ಕಟ್ಸಿದ್ದಾ? ಅಲ್ಲ. ಕಟ್ಟಿದ್ದು ಬ್ರಯಾನ್ ಸ್ಟೀವನ್ಸನ್ ಅನ್ನೋ ಲಾಯರ್ ಶುರು ಮಾಡಿದ ಈಕ್ವಲ್ ಜಸ್ಟೀಸ್ ಇನಿಶಿಯೇಟಿವ್ ಅನ್ನೋ ಸಂಸ್ಥೆ, ಮೆಮೋರಿಯಲ್ ತೆರೆದಿದ್ದು 2018ರಲ್ಲಿ. ನನಗೆ ಈ ಜಾಗ ಇಷ್ಟ ಆಗಿದ್ದು, ಸಿಟ್ಟು ಬಂದಿದ್ದು ಎರಡಕ್ಕೂ ಕಾರಣ ಇದೇ. ಸರ್ಕಾರ ಏನ್ ಮಾಡ್ತು ಅಂತ ನೋಡಿ. ಲಿಂಚಿಂಗ್ ವಿರುದ್ಧ ಕಾನೂನು ಬೇಕು ಅಂತ 1900ರಲ್ಲೇ ಜಾರ್ಜ್ ಹೆನ್ರಿ ವೈಟ್ ಬಿಲ್ ತಂದ್ರು, ಆಗ ಕಾಂಗ್ರೆಸ್‌ನಲ್ಲಿದ್ದ (ಅಮೆರಿಕದ ಪಾರ್ಲಿಮೆಂಟು) ಒಬ್ಬರೇ ಕಪ್ಪು ಸದಸ್ಯ ಅವ್ರು, ಬಿದ್ದೋಯ್ತು. 1922ರಲ್ಲಿ ಕೆಳಮನೆ ಹೌಸ್‌ನಲ್ಲಿ ಅದೇ ಥರದ ಡಯರ್ ಬಿಲ್ ಪಾಸಾಯ್ತು, ಮೇಲ್ಮನೆ ಸೆನೆಟ್‌ನಲ್ಲಿ ದಕ್ಷಿಣದ ರಾಜ್ಯಗಳವ್ರು ಮುಂದಕ್ಕೇ ಹೋಗದ ಹಾಗೆ ಅಡ್ಡ ಹಾಕಿ ಮುಗಿಸಿದ್ರು. ಹಿಂಗೇ ಹೆಚ್ಚುಕಮ್ಮಿ 200 ಬಿಲ್ಲು. 2005ರಲ್ಲಿ ಸೆನೆಟ್ ಕ್ಷಮೆ ಕೇಳ್ತು, ಕಾನೂನು ಮಾತ್ರ ಮಾಡ್ಲಿಲ್ಲ! 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನ ಬಿಳಿಯರು ಕೊಂದಿದ್ದು 1955ರಲ್ಲಿ, ಅವನ ಹೆಸರಿನ ಲಿಂಚಿಂಗ್ ವಿರೋಧಿ ಕಾನೂನಿಗೆ ಸೈನ್ ಬಿದ್ದಿದ್ದು 2022ರ ಮಾರ್ಚಲ್ಲಿ.

ಹೊರಗಡೆ ಅದೇ ಕಂಬಗಳ ಇನ್ನೊಂದು ಸೆಟ್ ಸಾಲಾಗಿ ಮಲಗಿಸಿದ್ದಾರೆ, ಆಯಾ ಕೌಂಟಿಯವ್ರು ಬಂದು ತಮ್ ಊರಿಗೆ ತಗೊಂಡ್ ಹೋಗಿ ನಿಲ್ಲಿಸ್ಲಿ ಅಂತ. ನಾವ್ ಹೋದಾಗ್ಲೂ ರಾಶಿ ಹಾಗೇ ಇತ್ತು.

ಟೈಮ್ ಇದ್ರೆ ಸ್ಟೇಟ್ ಕ್ಯಾಪಿಟಲ್ (ಅಲಬಾಮಾದ ವಿಧಾನಸೌಧ) ಹತ್ರನೂ ಹೋಗಿ, ಕಾರಲ್ಲಿ ಐದೇ ನಿಮಿಷ. 1861ರಲ್ಲಿ, ಗುಲಾಮಗಿರಿ ಉಳಿಸ್ಕೊಳ್ಳಕ್ಕೆ ಅಮೆರಿಕದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾಗಿ ಜೆಫರ್ಸನ್ ಡೇವಿಸ್ ಪ್ರಮಾಣ ತಗೊಂಡ ಜಾಗಕ್ಕೆ ಹಿತ್ತಾಳೆ ನಕ್ಷತ್ರ, ಎದುರಿಗೆ ಅವನದೇ ಪ್ರತಿಮೆ. ಅವನ ಹೆಸರಿನ ರಸ್ತೆಗೆ 2021ರಲ್ಲಿ ಸಿಟಿಯವ್ರು ಬಸ್ಸಲ್ಲಿ ಬಿಳಿಯರಿಗೆ ಸೀಟ್ ಬಿಟ್ಕೊಡಲ್ಲ ಅಂದ ರೋಸಾ ಪಾರ್ಕ್ಸ್ ಪರ ವಾದಿಸಿದ ಲಾಯರ್ ಫ್ರೆಡ್ ಗ್ರೇ ಹೆಸರು ಇಟ್ರೆ, ರಾಜ್ಯ 25,000 ಡಾಲರ್ ದಂಡ ಕೇಳ್ತು, 2017ರ ಸ್ಮಾರಕ ರಕ್ಷಣೆ ಕಾನೂನು ತೋರಿಸಿ. ಮ್ಯೂಸಿಯಂ ನೋಡಿದ ದಿನಾನೇ ಇದನ್ನೂ ನೋಡಿದ್ರೆ ಪೂರ್ತಿ ಅರ್ಥ ಆಗತ್ತೆ.

ಅರ್ಧ ಸ್ಟಾರ್ ಕಟ್ ಮಾಡಿರೋದು ಓದೋದು ಸಿಕ್ಕಾಪಟ್ಟೆ ಅಂತ, ಇಂಗ್ಲಿಷ್ ಸಲೀಸಾಗಿ ಬರದ ಹಿರಿಯರಿಗೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಹತ್ತು ವರ್ಷದೊಳಗಿನ ಮಕ್ಕಳು ಬೇಡ. ವಾರ ಪೂರ್ತಿ ತೆಗ್ದಿರಲ್ಲ, ವೆಬ್‌ಸೈಟ್ ನೋಡ್ಕೊಂಡ್ ಹೊರಡಿ. ವೆಜ್ ತಿನ್ನೋರು ದಕ್ಷಿಣದ ಕಡೆ ಸೊಪ್ಪಿಗೂ ಹಂದಿ ಮಾಂಸ ಹಾಕೋದು ಮಾಮೂಲಿ, ಕೇಳಿ ತಗೊಳ್ಳಿ. 4.5/5.