ಪೊಸೆಶನ್: ಹಳೇ ಜೋಡಿಗೆ ಫುಲ್ ಮಾರ್ಕ್ಸ್, ಹೊಸ ಜೋಡಿಗೆ ಜಸ್ಟ್ ಪಾಸ್

ನಮ್ಮ ಕೊಡಗಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದು ನಾಲ್ಕು ದಿನ ಆಗಿತ್ತು, ತೋಟಕ್ಕೆ ಇಳಿದ್ರೆ ಜಿಗಣೆ, ಒಳಗೆ ಕೂತ್ರೆ ಬೋರು, ಕರೆಂಟು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಅಂಥ ಒಂದು ಸಂಜೆ ತಮ್ಮನ ಹಳೇ ಡಿವಿಡಿ ಡಬ್ಬದಲ್ಲಿ ಸಿಕ್ಕಿದ್ದು ‘ಪೊಸೆಶನ್’, 2002ರದ್ದು. ಹೆಸರು ಕೇಳಿ ಚಿಕ್ಕಮ್ಮ ದೆವ್ವ ಮೈಮೇಲೆ ಬರೋ ಸಿನಿಮಾ ಅಂದ್ಕೊಂಡು ಎದ್ದೇ ಬಿಟ್ರು, ಇಲ್ಲ ಚಿಕ್ಕಮ್ಮ ಇದು ಲವ್ ಸ್ಟೋರಿ, ಕಾಗದ ಬರ್ಕೊಳ್ಳೋರ ಕಥೆ ಅಂತ ಕೂರಿಸ್ದೆ. (ಇದೇ ಹೆಸರಲ್ಲಿ 1981ರ ಹಾರರ್ ಸಿನಿಮಾನೂ ಒಂದಿದೆ, ಹುಡುಕೋರು ವರ್ಷ ನೋಡ್ಕೊಳ್ಳಿ.)

ಕಥೆ ಇಷ್ಟು. ಲಂಡನ್‌ನಲ್ಲಿ ರಿಸರ್ಚ್ ಅಸಿಸ್ಟೆಂಟ್ ಆಗಿರೋ ರೋಲಂಡ್‌ಗೆ ಲೈಬ್ರರಿಯ ಒಂದು ಹಳೇ ಪುಸ್ತಕದೊಳಗೆ ರ‍್ಯಾಂಡಾಲ್ಫ್ ಆಶ್ ಅನ್ನೋ ವಿಕ್ಟೋರಿಯಾ ಕಾಲದ ದೊಡ್ಡ ಕವಿ ಬರೆದ ಕಾಗದದ ಕರಡು ಸಿಗುತ್ತೆ. ಕವಿ ಹೆಂಡ್ತಿಗೆ ನಿಷ್ಠನಾಗಿದ್ದ ಸಂಭಾವಿತ ಅಂತ ಎಲ್ರೂ ನಂಬಿರೋದು, ಕಾಗದ ನೋಡಿದ್ರೆ ಬೇರೆ ಯಾರಿಗೋ. ಇವ್ನು ಅದನ್ನ ಸದ್ದಿಲ್ದೆ ಎತ್ಕೊಂಡು ಬರ್ತಾನೆ. ಆ ಬೇರೆ ಯಾರೋ ಕ್ರಿಸ್ಟಬೆಲ್ ಲಾಮಾಟ್ ಅನ್ನೋ ಕವಯಿತ್ರಿ ಅಂತ ಅನುಮಾನ ಬಂದು, ಅವಳ ಬಗ್ಗೆನೇ ಸ್ಟಡಿ ಮಾಡಿರೋ ಮೇಡಂ ಒಬ್ರನ್ನ ಹುಡುಕ್ಕೊಂಡು ಹೋಗ್ತಾನೆ. ಆ ಮೇಡಂ ಹೆಸರು ಮಾಡ್ ಬೇಲಿ. ಚಿಕ್ಕಮ್ಮ ನಕ್ಕಿದ್ದೇ ನಕ್ಕಿದ್ದು, ತೋಟಕ್ಕೆ ಬೇಲಿ ಮಾಡು ಅಂದ ಹಾಗಿದೆಯಲ್ಲೇ ಅಂತ. ನಿಜ ಹೇಳ್ಬೇಕಂದ್ರೆ ಆ ಪಾತ್ರಾನೂ ಹಾಗೇ, ಕೂದಲು ಬಿಗಿದು ಕಟ್ಟಿ ಸುತ್ತ ಬೇಲಿ ಹಾಕ್ಕೊಂಡೇ ಓಡಾಡ್ತಾಳೆ.

ಈ ಮಾಡ್ ಆಗಿರೋದು ಗ್ವಿನೆತ್ ಪಾಲ್ಟ್ರೋ, ರೋಲಂಡ್ ಆಗಿರೋದು ಆರನ್ ಎಕ್‌ಹಾರ್ಟ್. ನನ್ನ ತಕರಾರು ಇಲ್ಲೇ ಇರೋದು. ಈ ಸಿನಿಮಾಕ್ಕೆ ಮೂಲವಾದ ಕಾದಂಬರೀಲಿ ರೋಲಂಡ್ ದುಡ್ಡಿಲ್ಲದ, ಧೈರ್ಯ ಇಲ್ಲದ ಇಂಗ್ಲಿಷ್ ಹುಡುಗ, ಸಿನಿಮಾದಲ್ಲಿ ಅವ್ನನ್ನ ಗಡ್ಡ ಬಿಟ್ಕೊಂಡಿರೋ ಅಮೆರಿಕನ್ ಮಾಡಿಬಿಟ್ಟಿದ್ದಾರೆ. ಇವರಿಬ್ರೂ ನಾನು ಮುಟ್ಲಾ ನೀನು ಮುಟ್ತೀಯಾ ಅಂತ ಅರ್ಧ ಸಿನಿಮಾ ಡಿಸ್ಕಶನ್ನೇ ಮಾಡ್ತಾರೆ. ಆ ಕಡೆ ಆಶ್ ಆಗಿರೋ ಜೆರೆಮಿ ನಾರ್ಥಮ್, ಕ್ರಿಸ್ಟಬೆಲ್ ಆಗಿರೋ ಜೆನಿಫರ್ ಈಲಿ ರೈಲಲ್ಲಿ ಎದುರುಬದುರು ಕೂತು ಒಂದು ಸಲ ಕಣ್ಣೆತ್ತಿ ನೋಡಿದ್ರೆ ಸಾಕು, ನಮಗೆ ಎದೆ ಡವಡವ. ಕುತ್ತಿಗೆವರೆಗೂ ಬಟನ್ ಹಾಕಿರೋ ಬಟ್ಟೆ, ಮುಟ್ಟೋದಿರ್ಲಿ ಮಾತೂ ಕಮ್ಮಿ. ಕ್ರಿಸ್ಟಬೆಲ್ ಜೊತೆ ಒಂದೇ ಮನೇಲಿರೋ ಚಿತ್ರ ಬಿಡಿಸೋ ಸಂಗಾತಿ ಬ್ಲಾಂಚ್ ಆಗಿ ಲೀನಾ ಹೆಡಿ ಇದ್ದಾಳೆ, ಗೇಮ್ ಆಫ್ ಥ್ರೋನ್ಸ್ ನೋಡಿದೋರಿಗೆ ಗುರುತು ಸಿಗುತ್ತೆ, ಅವಳ ಹೊಟ್ಟೆಉರಿಗೂ ಅಳುಗೂ ಇನ್ನೊಂದು ಹತ್ತು ನಿಮಿಷ ಕೊಡ್ಬಹುದಿತ್ತು.

ಆಶ್ ಮತ್ತೆ ಕ್ರಿಸ್ಟಬೆಲ್ ನಿಜವಾಗ್ಲೂ ಇದ್ದ ಕವಿಗಳಲ್ಲ, ಗೂಗಲ್ ಮಾಡೋಕೆ ಹೋಗ್ಬೇಡಿ, ನಾನು ಹೋಗಿದ್ದೆ. ಎ. ಎಸ್. ಬಯಟ್ ಅವರ ಕಾದಂಬರಿ ಇದು, 1990ರಲ್ಲಿ ಬೂಕರ್ ಪ್ರಶಸ್ತಿ ಬಂದಿದ್ದು. ಆಶ್‌ನಲ್ಲಿ ಆ ಕಾಲದ ನಿಜವಾದ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಛಾಯೆ ಇದೆ, ಡಿಗ್ರೀಲಿ ನಮಗೆ ಬ್ರೌನಿಂಗ್ ಪಾಠ ಇತ್ತು, ಗೈಡ್ ಓದಿ ಪಾಸಾದೋಳು ನಾನು. ಆದ್ರೆ ಬ್ರೌನಿಂಗ್ ಮತ್ತೆ ಎಲಿಜಬೆತ್ ಬ್ಯಾರೆಟ್ ಕಥೆ ಯಾರಾದ್ರೂ ಆಗ ಹೇಳಿದ್ರೆ ಪದ್ಯಾನೂ ಓದ್ತಿದ್ದೆ. 1845ರ ಜನವರೀಲಿ ಇವ್ನು ಮೊದಲನೇ ಕಾಗದ ಬರೆದ, ಅದೂ ಅವಳ ಪದ್ಯಗಳನ್ನ ಮೆಚ್ಕೊಂಡು, ಆಮೇಲೆ ಇಬ್ರೂ ಸೇರಿ 574 ಕಾಗದ, 1846ರ ಸೆಪ್ಟೆಂಬರಲ್ಲಿ ಅವಳಪ್ಪನಿಗೆ ಗೊತ್ತಾಗದ ಹಾಗೆ ಮದುವೆ. ಅಲ್ಲಿ ಪ್ರೀತಿ ಹುಟ್ಟಿದ್ದೇ ಪದ್ಯದಿಂದ. ಬಯಟ್ ಕೂಡ ಅದಕ್ಕೇ ಇಬ್ಬರು ಕವಿಗಳ ಹೆಸರಲ್ಲಿ ಪುಟಗಟ್ಟಲೆ ಪದ್ಯ ತಾವೇ ಬರೆದ್ರು. ಸಿನಿಮಾ ಒಂದೂಮುಕ್ಕಾಲು ಗಂಟೆಯೂ ಇಲ್ಲ, ಅದ್ರಲ್ಲಿ ಪದ್ಯಕ್ಕೆ ಎಲ್ಲಿ ಜಾಗ, ಹಾಗಾಗಿ ಆಶ್‌ಗೂ ಕ್ರಿಸ್ಟಬೆಲ್‌ಗೂ ಒಬ್ಬರ ಮೇಲೊಬ್ಬರಿಗೆ ಯಾಕೆ ಮನಸಾಯ್ತು ಅಂದ್ರೆ ಚೆಂದ ಇದ್ರು ಅಂತಷ್ಟೇ ಉತ್ತರ. ಡೈರೆಕ್ಟರ್ ನೀಲ್ ಲಬ್ಯೂಟ್ ಮೇಲೆ ನಂಗೆ ಸಿಟ್ಟು ಇರೋದು ಇದೊಂದಕ್ಕೆ.

ಆದ್ರೂ ಬೊಂಬೆ ಸೀನ್ ಇದ್ಯಲ್ಲ, ಅದು ಸೂಪರ್. ಹಳೇ ಬಂಗ್ಲೆ, ಧೂಳು ಹಿಡಿದ ರೂಮು, ಮಾಡ್‌ಗೆ ಕ್ರಿಸ್ಟಬೆಲ್‌ದೇ ಒಂದು ಬೊಂಬೆ ಪದ್ಯ ನೆನಪಾಗಿ ಬೊಂಬೆ ಹಾಸಿಗೆ ಕೆಳಗೆ ಕೈ ಹಾಕಿದ್ರೆ ಕಾಗದದ ಕಟ್ಟು, ಅಷ್ಟು ವರ್ಷ ಆದ್ಮೇಲೂ ಗರಿಗರಿ. ನಂಗೆ ಹೊಟ್ಟೆ ಉರೀತು. ನಮ್ಮನೆ ಅಟ್ಟದಲ್ಲಿ ಅಜ್ಜನ ಟ್ರಂಕಿದೆ, ಅದ್ರಲ್ಲಿ ನೀಲಿ ಇನ್‌ಲ್ಯಾಂಡ್ ಲೆಟರುಗಳು, ಹೋದ್ವರ್ಷ ತೆಗೆದ್ರೆ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಹಾಗೆ ಆಗಿತ್ತು. ಒಂದನ್ನ ಹಬೆ ಮೇಲೆ ಹಿಡಿದು ಬಿಡಿಸ್ದೆ. ಸುಂಟಿಕೊಪ್ಪದಿಂದ ಅಜ್ಜಿಗೆ ಬರೆದಿದ್ದು, ‘ಮೆಣಸು ಒಣಗಿಸಿ ಅಟ್ಟಕ್ಕೆ ಹಾಕಿಸು, ಮತ್ತೆ’ ಅಂತ ಇದೆ, ಆ ಮತ್ತೆ ಆದ್ಮೇಲೆ ಪೂರ್ತಿ ಕಪ್ಪು. ಇಂಗ್ಲೆಂಡ್‌ನೋರಿಗೆ ಏನು ಗೊತ್ತು ನಮ್ಮೂರ ಥಂಡಿ.

ಇನ್ನೊಂದು. ಕವಿಗಳು ಗುಟ್ಟಾಗಿ ಯಾರ್ಕ್‌ಶೈರ್‌ಗೆ ಹೋಗೋದು 1859ರಲ್ಲಿ. ಅದೇ ವರ್ಷನೇ ನಮ್ಮ ಕೊಡಗಿನ ಕೊನೇ ರಾಜ ಚಿಕ್ಕವೀರರಾಜೇಂದ್ರ ಲಂಡನ್‌ನಲ್ಲಿ ತೀರ್ಕೊಂಡಿದ್ದು, ಮಗಳು ಗೌರಮ್ಮನೂ ಇಂಗ್ಲೆಂಡಲ್ಲೇ, ವಿಕ್ಟೋರಿಯಾ ರಾಣಿ ಅವಳಿಗೆ ಗಾಡ್‌ಮದರ್. ತೆರೆ ಮೇಲೆ ಆ ಕಾಲದ ಲಂಡನ್ ಬಂದಾಗೆಲ್ಲ ನಂಗೆ ತಲೇಲಿ ಅದೇ, ಹಿಂದೆ ಹೋಗ್ತಿರೋ ಯಾವ್ದಾದ್ರೂ ಸಾರೋಟಲ್ಲಿ ನಮ್ಮ ಹುಡುಗಿ ಕೂತಿದ್ದಾಳೇನೋ ಅಂತ. ಸಿನಿಮಾಗೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳ್ದೆ.

ಕೊನೆ ಕಡೆ ಸಮಾಧಿ ಅಗಿಯೋದು, ಹೊಡೆದಾಟ ಎಲ್ಲ ಇದೆ, ಅದು ಯಾಕೆ ಬೇಕಿತ್ತೋ. ಅಷ್ಟು ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ಯುಪಿಎಸ್ಸೂ ಕೀ ಅಂತ ಕೂಗಿ ಸತ್ತೋಯ್ತು. ಮಾರನೇ ದಿನ ತಿಂಡಿ ಟೈಮಲ್ಲಿ ಕಡುಬು ತಟ್ಟೆ ಹಿಡ್ಕೊಂಡು ಉಳಿದಿದ್ದು ನೋಡಿದ್ವಿ, ಒಳ್ಳೇದೇ ಆಯ್ತು, ಯಾಕಂದ್ರೆ ಆ ಕೊನೇ ಸೀನ್ ಹಗಲು ಬೆಳಕಲ್ಲೇ ನೋಡ್ಬೇಕು. ಸಿನಿಮಾ ನೋಡೋರು ಈ ಪ್ಯಾರಾ ಬಿಟ್ಬಿಡಿ. ಹುಲ್ಲುಗಾವಲು, ಬಿಸಿಲು, ಆಟ ಆಡ್ತಿರೋ ಪುಟ್ಟ ಹುಡುಗಿ, ವಯಸ್ಸಾಗಿರೋ ಆಶ್ ಹತ್ರ ಬಂದು ಮಾತಾಡಿಸ್ತಾನೆ. ತನ್ನ ಮಗಳು ಅಂತ ಅವ್ನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳಿಗೆ ಆಂಟಿ ಅನ್ನಿಸ್ಕೊಂಡು ಇರೋ ಹೆತ್ತಮ್ಮ ಕ್ರಿಸ್ಟಬೆಲ್‌ಗೆ ಒಂದು ಮಾತು ಹೇಳಿ ಕಳಿಸ್ತಾನೆ, ಅದು ತಲುಪೋದೇ ಇಲ್ಲ. ನಾನು ಕಡುಬು ಬಾಯಲ್ಲಿಟ್ಕೊಂಡೇ ಅತ್ತೆ.

ಚಿಕ್ಕಮ್ಮ ಅಳ್ಲಿಲ್ಲ. ತಟ್ಟೆ ಎತ್ಕೊಂಡು ಹೋಗ್ತಾ, ‘ಮಗೂ ಕೈಲಿ ಯಾಕೆ ಹೇಳಿ ಕಳಿಸ್ಬೇಕಿತ್ತೇ, ಅಷ್ಟು ದೂರ ಬಂದೋನು ಇನ್ನು ನಾಲ್ಕು ಹೆಜ್ಜೆ ನಡೆದು ಮನೆ ಬಾಗಿಲು ತಟ್ಟಿದ್ರೆ ಆಗ್ತಿರ್ಲಿಲ್ವಾ’ ಅಂದ್ರು.